ಸಿಡೋನಿಯಾ ಫೊನ್ ಬೋರ್ಕೆ: ಜೀವನಾಂಶ ಕೇಳಿ ಕೋರ್ಟಿಗೆ ಹೋದವಳು ಮಾಟಗಾತಿ ಆಗಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈಯಮ್ಮನ ಮಾತು ತೆಗೆದ್ರೆ ಸಾಕು ಎಲ್ರೂ ಅದೇ ಪ್ರಶ್ನೆ ಕೇಳ್ತಾರೆ, ರಾಜಕುಮಾರ ಕೈ ಕೊಟ್ಟನಂತೆ ಹೌದಾ, ಶಾಪ ಹಾಕಿದ್ಳಂತೆ ಹೌದಾ, ಬೆಕ್ಕು ದೆವ್ವ ಆಗಿತ್ತಂತೆ ಹೌದಾ ಅಂತ. ಒಬ್ಬೊಬ್ರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ. ನೇರವಾಗಿ ಕೊಲೆ, ಶಾಪದ ಭಾಗಕ್ಕೇ ಹಾರಬೇಡಿ, ಆಸ್ತಿ ಜಗಳದ ಭಾಗ ಬೋರು ಅನ್ನಿಸಿದ್ರೂ ಓದಿ, ಇಡೀ ಕತೆಯ ಬೇರು ಇರೋದು ಅಲ್ಲೇ.

ಯಾರು ಈ ಸಿಡೋನಿಯಾ?

ಪೊಮರೇನಿಯಾದ ದೊಡ್ಡ ಜಮೀನ್ದಾರಿ ಮನೆತನದ ಹೆಣ್ಣುಮಗಳು. 1548ರಲ್ಲಿ ಸ್ಟ್ರಾಮೆಲ್ ಅನ್ನೋ ಊರಲ್ಲಿ ಹುಟ್ಟಿದ್ಳು, 1620ರಲ್ಲಿ ಸ್ಟೆಟಿನ್ ಪಟ್ಟಣದ ಗೋಡೆಯಾಚೆ ಮಾಟಗಾತಿ ಅಂತ ತಲೆ ಕಡಿಸ್ಕೊಂಡು ಸತ್ಲು. ಆಗ ವಯಸ್ಸು 72. ಅವಳ ಮೇಲೆ ಹಾಕಿದ ಆರೋಪಗಳೂ 72, ವರ್ಷಕ್ಕೊಂದು ಅನ್ನೋ ಹಾಗೆ. ಮದುವೆ ಆಗಿರಲಿಲ್ಲ, ಮಕ್ಕಳಿರಲಿಲ್ಲ, ಕೊನೆಗೆ ಬೆನ್ನಿಗೆ ನಿಲ್ಲೋಕೆ ಮನೆಯವರು ಅಂತ ಒಬ್ರೂ ಇರಲಿಲ್ಲ.

ಪೊಮರೇನಿಯಾ ಅಂದ್ರೆ ಎಲ್ಲಿ? ಮ್ಯಾಪಲ್ಲಿ ಸಿಗ್ತಿಲ್ಲ

ಬಾಲ್ಟಿಕ್ ಸಮುದ್ರದ ದಕ್ಷಿಣ ದಂಡೆ. ಆಗ ಜರ್ಮನ್ ಮಾತಾಡೋ ಡ್ಯೂಕ್‌ಗಳ (ಸೀಮೆ ಆಳೋ ಅರಸರು) ಕೈಲಿತ್ತು, ಪವಿತ್ರ ರೋಮನ್ ಸಾಮ್ರಾಜ್ಯದ ಭಾಗ. ಈಗ ಒಂದು ಭಾಗ ಜರ್ಮನಿಯಲ್ಲಿದೆ ಇನ್ನೊಂದು ಭಾಗ ಪೋಲೆಂಡ್‌ನಲ್ಲಿದೆ, ಈ ಕತೆಯ ಮುಖ್ಯ ಜಾಗಗಳು ಪೋಲೆಂಡ್ ಕಡೆ ಬರುತ್ತೆ. ಸ್ಟೆಟಿನ್ ಅನ್ನೋದು ಇವತ್ತಿನ ಶ್ಚೆಚಿನ್, ಅವಳು ಮುಂದೆ ಹೋಗಿ ಸೇರಿದ ಮರಿಯನ್‌ಫ್ಲೀಸ್ ಅನ್ನೋದು ಇವತ್ತಿನ ಮಾರಿಯಾನೊವೊ, ಸ್ಟ್ರಾಮೆಲ್ ಅನ್ನೋದು ಸ್ಟ್ಶ್‌ಮೆಲೆ. ಹಳೇ ಜರ್ಮನ್ ಹೆಸರು ಹಾಕಿ ಹುಡುಕಿದ್ರೆ ಸಿಗದೇ ಇರೋದು ಅದಕ್ಕೇ.

ಅಷ್ಟು ದೊಡ್ಡ ಮನೆತನ ಅಂದ್ಮೇಲೆ ದುಡ್ಡಿಗೆ ಯಾಕೆ ಪರದಾಡಿದ್ಳು?

ಇದೇ ಸರಿಯಾದ ಪ್ರಶ್ನೆ, ಆದ್ರೆ ಇದನ್ನ ಕೇಳೋರೇ ಕಮ್ಮಿ.

ಬೋರ್ಕೆಗಳು ಆ ಸೀಮೆಯಲ್ಲಿ ಡ್ಯೂಕ್ ಬಿಟ್ರೆ ನಾವೇ ಅನ್ನೋ ಥರ ಇದ್ದೋರು, ಊರೂರೇ ಅವರ ಕೈಲಿತ್ತು. ಅಪ್ಪ ಓಟ್ಟೊ 1551ರಲ್ಲಿ ತೀರ್ಕೊಂಡಾಗ ಇವಳಿಗೆ ಮೂರು ವರ್ಷ, ಅಮ್ಮ 1568ರಲ್ಲಿ ಹೋದ್ಲು. ಆಸ್ತಿ ಅಣ್ಣತಮ್ಮನ ಪಾಲಾಗುತ್ತೆ, ಹೆಣ್ಣುಮಕ್ಕಳಿಗೆ ಮದುವೆ ಆದ್ರೆ ವರದಕ್ಷಿಣೆ, ಆಗದೇ ಇದ್ರೆ ಬದುಕಿರೋವರೆಗೂ ಜೀವನಾಂಶ, ಇಷ್ಟೇ ಲೆಕ್ಕ. ಆ ಜೀವನಾಂಶ ಕೊಡಬೇಕಾದ ಸಹೋದರ ಉಲ್ರಿಖ್ ಸರಿಯಾಗಿ ಕೊಡ್ಲಿಲ್ಲ ಅಂತ ಸಿಡೋನಿಯಾ ದಾವೆ ಹೂಡಿದ್ಳು. ಅವಳೂ ಅಕ್ಕತಂಗಿ ಡೊರೊಥಿಯಾನೂ ಮದುವೆ ಇಲ್ಲದೆ ಇವತ್ತು ಈ ಮನೆ ನಾಳೆ ಆ ಮನೆ ಅಂತ ನೆಂಟರಿಷ್ಟರ ಜಾಗದಲ್ಲಿ ಕಾಲ ಹಾಕಿದ್ರು, 1600ರಲ್ಲಿ ಡೊರೊಥಿಯಾನೂ ತೀರ್ಕೊಂಡ್ಳು.

ಈಗ ಯೋಚನೆ ಮಾಡಿ, ಹೆಣ್ಣುಮಗಳು ಪಾಲು ಕೇಳಿ ಕೋರ್ಟಿಗೆ ಹೋದ್ರೆ ನೆಂಟರ ಬಾಯಲ್ಲಿ ಏನು ಹೆಸರು ಬರುತ್ತೆ? ಬಜಾರಿ, ಗಯ್ಯಾಳಿ, ಮನೆಮುರುಕಿ. ಜರ್ಮನ್‌ನಲ್ಲೂ ಅದಕ್ಕೆ ಸರಿಸಮ ಪದಗಳಿವೆ. ಸಿಡೋನಿಯಾ ಅರ್ಜಿ ಬರೆಯೋದ್ರಲ್ಲಿ ಪಳಗಿದ ಕೈ, ಒಂದು ಕಡೆ ಸೋತ್ರೆ ಮೇಲಿನವರಿಗೆ ಬರೀತಿದ್ಳು, ಅಲ್ಲೂ ಆಗ್ಲಿಲ್ಲ ಅಂದ್ರೆ ಡ್ಯೂಕ್‌ಗೇ ಬರೀತಿದ್ಳು. ಮಾಟ ಮಾಡೋ ತಾಕತ್ತು ನಿಜವಾಗ್ಲೂ ಇದ್ದಿದ್ರೆ ಇಷ್ಟೊಂದು ಅರ್ಜಿ ಯಾಕೆ ಬರೀತಿದ್ಳು ಅನ್ನೋದು ನನ್ನ ಪ್ರಶ್ನೆ.

ರಾಜಕುಮಾರ ಮದುವೆ ಆಗ್ತೀನಿ ಅಂತ ಮಾತು ಕೊಟ್ಟು ಕೈ ಕೊಟ್ಟನಂತಲ್ಲ?

ಕತೆ ಹೀಗಿದೆ: ಸಿಡೋನಿಯಾ ಲೋಕಸುಂದರಿ, ಪೊಮರೇನಿಯಾದ ವೋಲ್‌ಗಾಸ್ಟ್ ಅನ್ನೋ ಊರಿನ ಡ್ಯೂಕ್ ಅರಮನೆಗೆ ಬಂದಾಗ ಯುವರಾಜ ಅರ್ನ್‌ಸ್ಟ್ ಲುಡ್ವಿಗ್ ಮರುಳಾದ, ಮದುವೆ ಅಂದ, ಮನೆಯವರು ನಮ್ಮ ಅಂತಸ್ತಿಗೆ ಸರಿಯಲ್ಲ ಅಂತ ತಪ್ಪಿಸಿದ್ರು, ಅವಳು ಸಿಟ್ಟಲ್ಲಿ ನಿಮ್ಮ ವಂಶ ನಿರ್ವಂಶ ಆಗಲಿ ಅಂತ ಹಿಡಿಶಾಪ ಹಾಕಿದ್ಳು. ಚೆನ್ನಾಗಿದೆ, ಸಿನಿಮಾ ಮಾಡಬಹುದು. ಅರ್ನ್‌ಸ್ಟ್ ಲುಡ್ವಿಗ್ ಅನ್ನೋನು ಇದ್ದದ್ದು ನಿಜ, 1577ರಲ್ಲಿ ಬ್ರೌನ್ಷ್ವೈಗ್ ಮನೆತನದ ಸೋಫಿ ಹೆಡ್ವಿಗ್‌ನ ಮದುವೆ ಆಗಿದ್ದೂ ನಿಜ, 1592ರಲ್ಲಿ ಸತ್ತಿದ್ದೂ ನಿಜ. ಆದ್ರೆ ಆ ಪ್ರೇಮ, ಆ ಮಾತು, ಆ ಶಾಪ ಎಲ್ಲ ಅವಳು ಸತ್ತಮೇಲೆ ಸೇರ್ಕೊಂಡ ಮಸಾಲೆ. 72 ಆರೋಪದಲ್ಲಿ ಡ್ಯೂಕ್ ಫಿಲಿಪ್‌ನ ಸಾವು ಇದೆ, ಅಡುಗೆಮನೆ ಪೊರಕೆ ಸಮೇತ ಇದೆ, ಅರ್ನ್‌ಸ್ಟ್ ಲುಡ್ವಿಗ್ ಕೈ ಕೊಟ್ಟ ಸಿಟ್ಟಿಗೆ ಬಂದ ಪ್ರೇಮಕತೆ ಮಾತ್ರ ಇಲ್ಲ.

ನನಗೆ ಇದ್ರಲ್ಲಿ ಬೇಜಾರಾಗೋದು ಬೇರೇನೇ. ಆಸ್ತಿ ಹಕ್ಕಿಗೆ ಹೋರಾಡಿದ ಮುದುಕಿ ಅಂದ್ರೆ ಯಾರೂ ಕಿವಿ ಕೊಡಲ್ಲ, ಅದೇ ಪ್ರೀತೀಲಿ ಸೋತ ಸುಂದರಿ ಅಂದ್ರೆ ಎಲ್ರೂ ಕೂತ್ಕೊಂಡು ಕೇಳ್ತಾರೆ.

ಮರಿಯನ್‌ಫ್ಲೀಸ್ ಅಂದ್ರೆ ಮಠನಾ? ಇವಳು ಸನ್ಯಾಸಿನೀನಾ?

ಮೊದಲು ಮಠನೇ, 1248ರಲ್ಲಿ ಶುರುವಾದ, ಸಿಸ್ಟರ್ಸಿಯನ್ ಅನ್ನೋ ಕ್ಯಾಥೊಲಿಕ್ ಪಂಥದ ಸನ್ಯಾಸಿನಿಯರ ಮಠ. ಆದ್ರೆ ಪೊಮರೇನಿಯಾ 1534ರಲ್ಲಿ ಲೂಥರನ್ (ಪೋಪ್‌ನ ಬಿಟ್ಟು ಬಂದ ಪ್ರೊಟೆಸ್ಟಂಟ್ ಪಂಗಡ) ಆಯ್ತು, ಲೂಥರನ್ನರು ಸನ್ಯಾಸಿನಿ ಅನ್ನೋ ವ್ಯವಸ್ಥೆನ ಒಪ್ತಿರಲಿಲ್ಲ, ಮಠಗಳ ಜಮೀನೆಲ್ಲ ಡ್ಯೂಕ್‌ಗಳ ಕೈಗೆ ಹೋಯ್ತು. ಆಗ ಜಮೀನ್ದಾರರು ಗಲಾಟೆ ಎಬ್ಬಿಸಿದ್ರು, ಮದುವೆ ಆಗದ ನಮ್ಮ ಹೆಣ್ಣುಮಕ್ಕಳನ್ನ ಎಲ್ಲಿ ಬಿಡೋಣ ಅಂತ. ಅದಕ್ಕೆ ಕೆಲವು ಮಠಗಳನ್ನ ಅವರಿಗೇ ಅಂತ ಉಳಿಸಿದ್ರು. ಸನ್ಯಾಸ ದೀಕ್ಷೆ ಇಲ್ಲ, ಆದ್ರೆ ಪ್ರಾರ್ಥನೆ ಇದೆ, ಮೇಲ್ವಿಚಾರಕಿ ಇದಾಳೆ, ನಿಯಮ ಇದೆ. ನಮ್ಮ ಭಾಷೇಲಿ ಹೇಳೋದಾದ್ರೆ ಮಠ ಅನ್ನೋದಕ್ಕಿಂತ ದೊಡ್ಡಮನೆ ಹೆಂಗಸರ ಲೇಡೀಸ್ ಹಾಸ್ಟೆಲ್, ವ್ಯತ್ಯಾಸ ಏನಂದ್ರೆ ಕೋರ್ಸ್ ಮುಗಿಯಲ್ಲ, ಸಾಯೋವರೆಗೂ ಅಲ್ಲೇ.

ಸಿಡೋನಿಯಾ 1604ರಲ್ಲಿ ಅಲ್ಲಿಗೆ ಸೇರಿದಾಗ ವಯಸ್ಸು 56.

ಅಲ್ಲಿ ಎಲ್ರ ಜೊತೆ ಜಗಳ ಆಡ್ತಿದ್ಳಂತೆ, ನಿಜಾನಾ?

ನಿಜ, ಇದನ್ನ ಮುಚ್ಚಿಡೋ ಅಗತ್ಯ ಇಲ್ಲ. ಬಂದ ಎರಡೇ ವರ್ಷಕ್ಕೆ ಪ್ರಿಯೊರೆಸ್ ಅಂದ್ರೆ ಅಲ್ಲಿನ ಮುಖ್ಯಸ್ಥೆ ಮಗ್ಡಲೇನಾ ಫೊನ್ ಪೀಟರ್ಸ್‌ಡಾರ್ಫ್ ಜೊತೆ ಕಿತ್ತಾಡ್ಕೊಂಡು ಇದ್ದ ಉಪಮುಖ್ಯಸ್ಥೆ ಹುದ್ದೆ ಕಳ್ಕೊಂಡ್ಳು. ಸುಮ್ನಿದ್ಳಾ? ಡ್ಯೂಕ್ ಬೊಗಿಸ್ಲಾವ್ XIIIಗೆ ದೂರು ಕೊಟ್ಲು. ಅವನು ಯೋಆಖಿಮ್ ಫೊನ್ ವೇಡೆಲ್ ಅನ್ನೋನನ್ನ ವಿಚಾರಣೆಗೆ ಕಳಿಸಿದ, ಅಷ್ಟರಲ್ಲಿ 1606ರಲ್ಲಿ ಡ್ಯೂಕೇ ಸತ್ತ. ವೇಡೆಲ್ ಇವಳನ್ನ ವಿಷದ ಹಾವು ಅಂತ ಬೈದು, ಹೆಂಗೆ ಹೊರಗೆ ಹಾಕೋದು ಅಂತ ಪ್ರಿಯೊರೆಸ್ ಜೊತೆ ಕಾಗದದಲ್ಲಿ ಚರ್ಚೆ ನಡೆಸಿದ. 1609ರಲ್ಲಿ ವೇಡೆಲ್ ಸತ್ತ, 1611ರಲ್ಲಿ ಪ್ರಿಯೊರೆಸ್ ಸತ್ಲು. ನೋಡ್ತಾ ಇದೀರಲ್ಲ, ಇವಳ ಜೊತೆ ಜಗಳ ಆಡಿದೋರು ಒಬ್ಬೊಬ್ರೇ ಸಾಯ್ತಾ ಬಂದ್ರು, ವಯಸ್ಸಾದೋರು ಸಾಯ್ತಾರೆ ಅಷ್ಟೇ, ಆದ್ರೆ ಈ ಲೆಕ್ಕನ ಯಾರೋ ತಲೇಲಿ ಇಟ್ಕೊಂಡೇ ಇದ್ರು.

ಹೊಸದಾಗಿ ಬಂದ ಪ್ರಿಯೊರೆಸ್ ಆಗ್ನೆಸ್ ಫೊನ್ ಕ್ಲೈಸ್ಟ್ ಜೊತೆನೂ ಆಗಲಿಲ್ಲ, ಮತ್ತೆ ಅರ್ಜಿ, ಈ ಸಲ ಹೊಸ ಡ್ಯೂಕ್ ಫಿಲಿಪ್ IIಗೆ. ಅವನು ಒಂದು ಕಮಿಷನ್ ಮಾಡಿ ಅದರ ತಲೆಗೆ ಯೋಸ್ಟ್ ಫೊನ್ ಬೋರ್ಕೆ ಅನ್ನೋನನ್ನ ಕೂರಿಸಿದ. ಹೆಸರು ನೋಡಿದ್ರಾ? ಇವಳದೇ ಸಂಬಂಧಿ, ಹಳೇ ಕೇಸಲ್ಲಿ ಇವಳಿಂದ ಮುಖಭಂಗ ಆಗಿದ್ದೋನು. ಆ ಕಮಿಷನ್‌ನಿಂದ ಏನೂ ಬಗೆಹರೀಲಿಲ್ಲ. ಅಲ್ಲಿ ಒಬ್ರನ್ನ ಕಂಡ್ರೆ ಒಬ್ರಿಗೆ ನಂಬಿಕೆ ಇಲ್ಲ, ಕೈ ಮಿಲಾಯಿಸೋದೂ ಇದೆ ಅಂತ ಯೋಸ್ಟ್ ವರದಿ ಕೊಟ್ಟ. 1618ರಲ್ಲಿ ಫಿಲಿಪ್ ಸತ್ತಾಗ ಕಮಿಷನ್ ಕತೆನೂ ಮುಗೀತು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್‌ಗೆ ಹೋಗಿ ಕೂತೋರಿಗೆ ಈ ವಾತಾವರಣ ನಾನು ಹೆಚ್ಚು ವಿವರಿಸಬೇಕಾಗಿಲ್ಲ, ಆದ್ರೆ ಅಲ್ಲಿ ಜಗಳ ಜಾಸ್ತಿ ಆದ್ರೆ ಮನೆ ಖಾಲಿ ಮಾಡಬಹುದು, ಇವರಿಗೆ ಹೋಗೋಕೆ ಬೇರೆ ಜಾಗನೇ ಇರಲಿಲ್ಲ.

ಮಾಟದ ಮಾತು ಬಂದಿದ್ದು ಯಾವಾಗ?

1619ರ ಜುಲೈ. ಪ್ರಾರ್ಥನೆ ನಡೀತಿರೋವಾಗಲೇ ಸಿಡೋನಿಯಾಗೂ ಆಗಿನ ಉಪಮುಖ್ಯಸ್ಥೆ ಡೊರೊಥಿಯಾ ಫೊನ್ ಸ್ಟೆಟಿನ್‌ಗೂ ಜಗಳ ಹತ್ಕೊಳ್ತು, ಇಬ್ರನ್ನೂ ಹಿಡಿದು ಕೂರಿಸಿದ್ರು. ಅಲ್ಲಿವರೆಗೂ ಇದು ಇಬ್ರು ಹೆಂಗಸರ ಕಿತ್ತಾಟ ಅಷ್ಟೇ. ಆಮೇಲೆ ಡೊರೊಥಿಯಾ ಒಂದು ಮಾತು ಎಸೆದ್ಲು: ಇವಳು ವೊಲ್ಡೆ ಆಲ್ಬ್ರೆಕ್ಟ್ಸ್‌ಗೆ ಹೇಳಿ ದೆವ್ವನ ಕೇಳಿಸೋಕೆ ನೋಡಿದ್ಲು, ಮುಂದೆ ಏನಾಗುತ್ತೆ ಅಂತ. ಅಲ್ಲಿಗೆ ಕೇಸಿನ ದಾರಿನೇ ಬದಲಾಯ್ತು.

ಈ ವೊಲ್ಡೆ ಆಲ್ಬ್ರೆಕ್ಟ್ಸ್ ಯಾರು?

ಸಿಡೋನಿಯಾ ಹತ್ರ ಹಿಂದೆ ಕೆಲಸಕ್ಕಿದ್ದೋಳು, ಇದೂ ಅದೂ ಅಂತ ಎಲ್ಲಾ ಕೆಲಸ ಮಾಡ್ತಿದ್ದೋಳು. ಚಿಕ್ಕ ವಯಸ್ಸಲ್ಲಿ ಅಲೆಮಾರಿ ರೋಮಾ ಜನರ ಜೊತೆ ಊರೂರು ಸುತ್ತಿದ್ಳು, ಭಿಕ್ಷೆ ಬೇಡ್ತಿದ್ಳು, ಕಣಿ ಹೇಳ್ತಿದ್ಳು. ಸಿಡೋನಿಯಾ ಅವಳ ಹತ್ರ ಭವಿಷ್ಯ ಕೇಳಿದ್ದೂ ಹೌದು. ಇವಳನ್ನ ಎಲ್ರೂ ಎರಡು ಸಾಲಲ್ಲಿ ಮುಗಿಸ್ತಾರೆ, ನಾನು ಸ್ವಲ್ಪ ನಿಲ್ತೀನಿ.

ದೊಡ್ಡ ಮನೆತನದವಳ ಮೇಲೆ ಯಾರಾದ್ರೂ ಮಾಟದ ಆರೋಪ ಹೊರಿಸಿದ್ರೆ ತಕ್ಷಣ ಚಿತ್ರಹಿಂಸೆ ಕೊಡೋದು ಸುಲಭ ಅಲ್ಲ, ಮೊದಲು ಅದಕ್ಕೆ ಸಾಕಷ್ಟು ಸುಳಿವು ಬೇಕು. ಬಡವಿ ಮೇಲೆ? ದಾರಿ ಸಲೀಸು. ಜುಲೈ 28ಕ್ಕೆ ವೊಲ್ಡೆನ ಹಿಡಿದ್ರು, ಆಗಸ್ಟ್ 18ಕ್ಕೆ ವಿಚಾರಣೆ ಶುರು, ಸೆಪ್ಟೆಂಬರ್ 2ಕ್ಕೆ ಚಿತ್ರಹಿಂಸೆ ಕೊಟ್ರು. ಅವಳು ಒಪ್ಕೊಂಡ್ಳು, ಹೌದು ಮಾಟ ಮಾಡಿದೆ, ಹೌದು ದೆವ್ವದ ಜೊತೆ ಮಲಗಿದೆ, ನನ್ನ ಜೊತೆ ಸಿಡೋನಿಯಾನೂ ಇನ್ನಿಬ್ರು ಹೆಂಗಸರೂ ಇದಾರೆ ಅಂತ. ಅಕ್ಟೋಬರ್ 1ಕ್ಕೆ ಸಿಡೋನಿಯಾನ ಎದುರಿಗೆ ನಿಲ್ಲಿಸಿ ಕೇಳಿದಾಗಲೂ ಅದನ್ನೇ ಹೇಳಿದ್ಳು. ಅಕ್ಟೋಬರ್ 9ಕ್ಕೆ ಅವಳನ್ನ ಸುಟ್ಟು ಹಾಕಿದ್ರು.

ಹಿಡಿದ ದಿನದಿಂದ ಸುಟ್ಟ ದಿನಕ್ಕೆ 73 ದಿನ. ಸಿಡೋನಿಯಾ ಕೇಸು ಒಂದು ವರ್ಷಕ್ಕೂ ಮೇಲೆ ನಡೀತು, ವಕೀಲ ಇದ್ದ, ಫೈಲು ಊರಿಂದೂರಿಗೆ ಹೋಯ್ತು. ವೊಲ್ಡೆಗೆ ಅದ್ಯಾವುದೂ ಸಿಗ್ಲಿಲ್ಲ. ಮತ್ತೆ ಸಾಕ್ಷಿನೇ ಬೂದಿ ಆದ್ಮೇಲೆ ಅವಳ ಮಾತನ್ನ ಪಾಟೀಸವಾಲು ಮಾಡೋರು ಯಾರು? ಹೇಳಿಕೆ ಮಾತ್ರ ಕಾಗದದಲ್ಲಿ ಉಳೀತು.

72 ಆರೋಪ ಅಂದ್ರೆ ಏನೇನು?

ಒಟ್ಟಿಗೆ ಓದಿದ್ರೆ ತಲೆ ಗಿರ್ ಅನ್ನುತ್ತೆ. ಮೊದಲು ಕೊಲೆಗಳು: ಡ್ಯೂಕ್ ಫಿಲಿಪ್ II, ಸಂಬಂಧಿ ಓಟ್ಟೊ ಫೊನ್ ಬೋರ್ಕೆ, ಪಾದ್ರಿ ಡೇವಿಡ್ ಲ್ಯೂಡೆಕೆ, ಹಳೇ ಪ್ರಿಯೊರೆಸ್ ಮಗ್ಡಲೇನಾ, ಮಠದ ಗೇಟ್ ಕಾಯ್ತಿದ್ದ ಮತ್ತೀಯಾಸ್ ವಿಂಟರ್‌ಫೆಲ್ಡ್, ಡ್ಯೂಕನ ಸಲಹೆಗಾರ ಡಾಕ್ಟರ್ ಶ್ವಾಲೆನ್‌ಬರ್ಗ್. ಡ್ಯೂಕ್‌ನಿಂದ ಹಿಡಿದು ವಾಚ್‌ಮನ್‌ವರೆಗೂ ಎಲ್ಲರೂ ಒಂದೇ ಪಟ್ಟೀಲಿ. ಆಮೇಲೆ ಕಟರೀನಾ ಹಾನೊ ಅನ್ನೋಳಿಗೆ ಕೈಕಾಲು ಬೀಳೋ ಹಾಗೆ ಮಾಡಿದ್ದು, ದೂರದಲ್ಲಿ ನಡೆದಿದ್ದು ಮುಂದೆ ನಡೆಯೋದು ಎಲ್ಲ ಮೊದಲೇ ಗೊತ್ತಿರೋದು, ದೆವ್ವದ ಜೊತೆ ಸಂಬಂಧ.

ಇದರ ಜೊತೆ ಇನ್ನೆರಡು ಇದೆ, ನನಗೆ ಅವೇ ಹೆಚ್ಚು ಕಾಡೋದು. ಒಂದು, ಅಡುಗೆಮನೆ ಟೇಬಲ್ ಕೆಳಗೆ ಪೊರಕೆಗಳನ್ನ ಅಡ್ಡಡ್ಡ ಇಡ್ತಿದ್ಳು ಅನ್ನೋದು. ಪೊರಕೆ ನಿಲ್ಲಿಸಬೇಡ, ದೀಪ ಹಚ್ಚಿದ ಮೇಲೆ ಕಸ ಗುಡಿಸಬೇಡ ಅಂತ ಬೈಸ್ಕೊಂಡು ಬೆಳೆದ ನನಗೆ ಇದು ಓದಿದಾಗ ನಗೂನೂ ಬಂತು ಭಯಾನೂ ಆಯ್ತು. ಇನ್ನೊಂದು, ಬೈಬಲ್ಲಿನ ಕೀರ್ತನೆ 109 ಓದ್ತಿದ್ಳು ಅನ್ನೋದು. ಬೈಬಲ್ ಓದಿದ್ರೆ ತಪ್ಪೇನು ಅಂತೀರಾ? ಈ ಕೀರ್ತನೆ ಶತ್ರುವಿಗೆ ಶಾಪ ಹಾಕೋದು, ಅವನ ದಿನಗಳು ಕಮ್ಮಿ ಆಗಲಿ, ಅವನ ಕೆಲಸ ಇನ್ನೊಬ್ಬನ ಪಾಲಾಗಲಿ, ಹೆಂಡತಿ ವಿಧವೆ ಆಗಲಿ ಅಂತೆಲ್ಲ ಬರುತ್ತೆ. ಅದರ ಒಂದು ಮಾತನ್ನ ಹೊಸ ಒಡಂಬಡಿಕೆಯಲ್ಲಿ ಯೂದನಿಗೆ ಅನ್ವಯಿಸಿರೋದ್ರಿಂದ ಅದಕ್ಕೆ ಯೂದನ ಕೀರ್ತನೆ ಅಂತಾನೇ ಹೆಸರು ಬಿದ್ದಿತ್ತು. ಕೋರ್ಟಲ್ಲಿ ನ್ಯಾಯ ಸಿಗದ ಮುದುಕಿ ಮಣ್ಣು ತೂರಿ ಶಾಪ ಹಾಕೋ ಬದಲು ಬೈಬಲ್ ತೆಗೆದು ಶಾಪ ಓದಿದ್ಳು ಅಂತಿಟ್ಕೊಳ್ಳಿ, ಓದಿರಲೂಬಹುದು, ಅದರಿಂದ ಯಾರೂ ಸಾಯಲ್ಲ.

ಬೆಕ್ಕಿನ ಕತೆ ಏನು?

ಬೆಕ್ಕಿನ ಹೆಸರು ಖಿಮ್, ಯೋಆಖಿಮ್ ಅನ್ನೋದರ ಮುದ್ದು ಹೆಸರು ಅಷ್ಟೇ. ದೆವ್ವ ಅದರ ರೂಪದಲ್ಲಿ ಬರ್ತಿತ್ತು ಅಂತ ಆರೋಪ.

ಅವಳ ಪರ ವಕೀಲರೇ ಇರಲಿಲ್ವಾ?

ಇದ್ದ. 1619ರ ನವೆಂಬರ್ 18ಕ್ಕೆ ಅವಳನ್ನ ಮರಿಯನ್‌ಫ್ಲೀಸ್‌ನಿಂದ ಸ್ಟೆಟಿನ್ ಜೈಲಿಗೆ ತಂದ್ರು. ಅಷ್ಟರಲ್ಲಿ ತಪ್ಪಿಸ್ಕೊಳ್ಳೋಕೆ ಒಂದ್ಸಲ ಪ್ರಯತ್ನ ಪಟ್ಟಿದ್ಳು, ಜೀವ ಕಳ್ಕೊಳ್ಳೋಕೂ ಪ್ರಯತ್ನ ಪಟ್ಟಿದ್ಳು, ಎರಡೂ ಆಗಿರಲಿಲ್ಲ. ಡಿಸೆಂಬರ್‌ನಲ್ಲಿ ಎಲಿಯಾಸ್ ಪೌಲಿ ಅನ್ನೋ ವಕೀಲ ಬಂದ. ಕೆಟ್ಟ ವಕೀಲ ಅಲ್ಲ. ಡ್ಯೂಕ್ ಫಿಲಿಪ್, ಪಾದ್ರಿ ಲ್ಯೂಡೆಕೆ, ಶ್ವಾಲೆನ್‌ಬರ್ಗ್ ಎಲ್ಲ ಕಾಯಿಲೆಯಿಂದ ಸಹಜವಾಗಿ ಸತ್ತೋರು, ಇದರಲ್ಲಿ ಕೊಲೆ ಎಲ್ಲಿದೆ ಅಂತ 1620ರ ಜನವರಿಯಲ್ಲಿ ಒಳ್ಳೆ ವಾದ ಮಂಡಿಸಿದ. ಅತ್ತ ಕಡೆ 50ರಷ್ಟು ಸಾಕ್ಷಿಗಳು ಬಂದು ಹೋದ್ರು, ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಒಬ್ಬೊಬ್ರೂ ಒಂದೊಂದು ಕೊಂಬೆ ಹಿಡ್ಕೊಂಡು ಬಂದೋರೇ.

ಅದೇ 1620ರ ಆಗಸ್ಟ್‌ನಲ್ಲಿ ದಕ್ಷಿಣದ ವ್ಯುರ್ಟೆಂಬರ್ಗ್‌ನಲ್ಲಿ ಇನ್ನೊಬ್ಬ ಮುದುಕಿನ ಮಾಟಗಾತಿ ಅಂತ ಹಿಡಿದು ಹಾಕಿದ್ರು, ಗ್ರಹಗಳ ಚಲನೆ ನಿಯಮ ಬರೆದ ಕೆಪ್ಲರ್‌ನ ತಾಯಿ ಕಟರೀನಾ. ಮಗ ಎಲ್ಲ ಕೆಲಸ ಬಿಟ್ಟು ಬಂದು ಕೂತು ಒಂದೊಂದು ಆರೋಪಕ್ಕೂ ಉತ್ತರ ಬರೆದ, 1621ರಲ್ಲಿ ತಾಯಿ ಬಿಡುಗಡೆ ಆದ್ಲು. ಕಟರೀನಾ ಶ್ರೀಮಂತೆ ಏನಲ್ಲ, ಮಗ ಇದ್ದ ಅಷ್ಟೇ. ಸಿಡೋನಿಯಾಗೆ ಊರು ನಡುಗಿಸೋ ಮನೆತನ ಇತ್ತು, ಆ ಮನೆತನದ ಅರ್ಧ ಜನ ಅವಳ ಎದುರು ಪಾರ್ಟಿ.

ಚಿತ್ರಹಿಂಸೆ ಕೊಡೋದು ಕಾನೂನು ಪ್ರಕಾರ ಸರಿ ಇತ್ತಾ?

ಸರಿ ಇತ್ತು, ಅದೇ ಭಯಂಕರ. ಜನ ಅಂದ್ಕೊಳ್ಳೋದು ಹುಚ್ಚೆದ್ದ ಗುಂಪು ಪಂಜು ಹಿಡ್ಕೊಂಡು ಬಂತು, ಎಳ್ಕೊಂಡು ಹೋಗಿ ಸುಟ್ಟಿತು ಅಂತ. ಇಲ್ಲ ಸ್ವಾಮಿ, ಇಲ್ಲಿ ಎಲ್ಲ ಕಾಗದದ ಮೇಲೆ ನಡೆದಿದ್ದು. ಸಾಮ್ರಾಜ್ಯದ ಕ್ರಿಮಿನಲ್ ಕಾನೂನು 1532ರದ್ದು, ಕರೋಲಿನಾ ಅಂತ ಹೆಸರು. ಮಾಟದಿಂದ ಇನ್ನೊಬ್ರಿಗೆ ಹಾನಿ ಮಾಡಿದ್ರೆ ಬೆಂಕಿಗೆ ಹಾಕಬೇಕು ಅನ್ನೋದು ಅದರ 109ನೇ ಕಲಂ (ಹೌದು, ಕೀರ್ತನೇನೂ 109, ಕಲಮ್ಮೂ 109, ಕಾಕತಾಳೀಯ). ಮರಣದಂಡನೆ ಕೊಡಬೇಕಂದ್ರೆ ಇಬ್ರು ಕಣ್ಣಾರೆ ಕಂಡ ಸಾಕ್ಷಿ ಬೇಕು ಅಥವಾ ಆರೋಪಿನೇ ಒಪ್ಕೋಬೇಕು. ಮಾಟವನ್ನ ಕಣ್ಣಾರೆ ಕಂಡೋರು ಎಲ್ಲಿಂದ ಬರ್ತಾರೆ? ಹಾಗಾಗಿ ಉಳಿಯೋದು ತಪ್ಪೊಪ್ಪಿಗೆ ಒಂದೇ. ಅದನ್ನ ಬಾಯಿ ಬಿಡಿಸೋಕೆ ಚಿತ್ರಹಿಂಸೆ, ಆದ್ರೆ ಸಿಕ್ಕಾಪಟ್ಟೆ ಕೊಡೋ ಹಾಗಿಲ್ಲ, ಮೊದಲು ಕಾನೂನು ಬಲ್ಲೋರ ಒಪ್ಪಿಗೆ ಪಡೀಬೇಕು. ಅದಕ್ಕೆ ಸ್ಟೆಟಿನ್ ಕೋರ್ಟು ಇಡೀ ಫೈಲನ್ನ ಮಗ್ಡೆಬುರ್ಗ್‌ನ ನ್ಯಾಯಮಂಡಳಿಗೆ ಕಳಿಸ್ತು. ಸಿಡೋನಿಯಾನ ಒಂದ್ಸಲನೂ ಕಣ್ಣಲ್ಲಿ ನೋಡದ ಪಂಡಿತರು ಕಾಗದ ಓದಿ, 1620ರ ಜೂನ್ 28ಕ್ಕೆ ಆಗಬಹುದು ಅಂತ ಬರೆದ್ರು.

ಜುಲೈ 28ಕ್ಕೆ 72ರ ಮುದುಕಿಗೆ ಚಿತ್ರಹಿಂಸೆ. ಒಪ್ಕೊಂಡ್ಳು. ಮರಣದಂಡನೆ ಆಯ್ತು.

ಆಮೇಲೆ ನಡೆದಿದ್ದು ನೋಡಿ. ಶಿಕ್ಷೆಯ ಜಾಗಕ್ಕೆ ಎಳ್ಕೊಂಡು ಹೋಗೋವಾಗ ನಾನು ಹೇಳಿದ್ದೆಲ್ಲ ಸುಳ್ಳು, ನೋವು ತಡೀಲಾರದೆ ಹೇಳಿದೆ ಅಂತ ತಪ್ಪೊಪ್ಪಿಗೆನ ವಾಪಸ್ ತಗೊಂಡ್ಳು. ಕಾನೂನು ಪ್ರಕಾರ ಹಿಂಸೆಯಲ್ಲಿ ಹೇಳಿದ್ದನ್ನ ಆಮೇಲೆ ಸ್ವಂತ ಇಚ್ಛೆಯಿಂದ ಇನ್ನೊಮ್ಮೆ ಒಪ್ಕೋಬೇಕು, ಒಪ್ಕೊಳ್ಳಲಿಲ್ಲ ಅಂದ್ರೆ? ಮತ್ತೆ ಹಿಂಸೆ. ಆಗಸ್ಟ್ 16ಕ್ಕೆ ಎರಡನೇ ಸಲ ಆಯ್ತು. ಸೆಪ್ಟೆಂಬರ್ 1ಕ್ಕೆ ಕೊನೇ ತೀರ್ಪು. ಈ ಬಲೆಯಿಂದ ಹೊರಗೆ ಬರೋ ದಾರಿನೇ ಇರಲಿಲ್ಲ, ಇಲ್ಲ ಅಂದ್ರೆ ದೆವ್ವ ಬಾಯಿ ಕಟ್ಟಿದೆ ಅಂತಾರೆ, ಹೌದು ಅಂದ್ರೆ ತಲೆ ಹೋಗುತ್ತೆ.

ಯಾಕೆ ಒಪ್ಕೊಂಡ್ಳು ಅಂತ ಕೇಳೋರಿಗೆ ನಾನು ಹೇಳೋದು ಇಷ್ಟೇ, ಒಂದು ತಿಂಗಳಲ್ಲಿ ಎರಡು ಸಲ ಹಿಂಸೆ ತಿಂದೂ ಮಧ್ಯದಲ್ಲಿ ಒಮ್ಮೆ ಇಲ್ಲ ಅಂದ್ಳಲ್ಲ, ಆ ವಯಸ್ಸಲ್ಲಿ, ಅದು ಹೆಂಗೆ ಸಾಧ್ಯ ಆಯ್ತು ಅಂತ ಕೇಳಿ.

ಜೀವಂತ ಸುಟ್ರಾ?

ಇಲ್ಲ. ತಲೆ ಕಡಿದು ಆಮೇಲೆ ದೇಹ ಸುಟ್ರು. ಕತ್ತಿಯ ಸಾವು ಮರ್ಯಾದಸ್ಥರ ಸಾವು ಅನ್ನೋ ಲೆಕ್ಕ ಆಗ. ಬೋರ್ಕೆ ಅನ್ನೋ ಹೆಸರಿಂದ ಅವಳಿಗೆ ಕೊನೆಗೆ ಸಿಕ್ಕಿದ ರಿಯಾಯಿತಿ ಇಷ್ಟೇ.

ಇದೆಲ್ಲ ಕ್ಯಾಥೊಲಿಕ್ ಚರ್ಚಿನ ಕೆಲಸ ಅಲ್ವಾ?

ಪೊಮರೇನಿಯಾ ಲೂಥರನ್, ಕೋರ್ಟು ಡ್ಯೂಕನದು, ಮಗ್ಡೆಬುರ್ಗ್ ಪಂಡಿತರು ಕಾನೂನಿನವರು. ಪೋಪ್‌ಗೂ ಇದಕ್ಕೂ ಸಂಬಂಧ ಇಲ್ಲ. ಯುರೋಪಲ್ಲಿ ಒಟ್ಟು 40,000ದಿಂದ 60,000 ಜನ ಮಾಟದ ಹೆಸರಲ್ಲಿ ಸತ್ರು ಅನ್ನೋದು ಇತಿಹಾಸಕಾರರ ಅಂದಾಜು, ಅದರಲ್ಲಿ ಎರಡೂ ಪಂಗಡದ ಕೈ ಇದೆ, ಹೆಚ್ಚಿನ ಕೇಸು ನಡೆದಿದ್ದು ಚರ್ಚಿನ ಕೋರ್ಟಲ್ಲಿ ಅಲ್ಲ, ಸರ್ಕಾರಿ ಕೋರ್ಟಲ್ಲಿ. ಇನ್ನೊಂದು ಮಾತು, ಇದು ನಡೆದಿದ್ದು ಕತ್ತಲೆ ಯುಗ ಅನ್ನೋ ಮಧ್ಯಯುಗದಲ್ಲೂ ಅಲ್ಲ. ಅದೇ ಫಿಲಿಪ್ II ಕಲಾವಸ್ತು ಗುಡ್ಡೆ ಹಾಕ್ಕೊಂಡಿದ್ದೋನು, ತನ್ನ ರಾಜ್ಯನ ಅಳತೆ ಮಾಡಿಸಿ 1618ರಲ್ಲಿ ಬಂದ ದೊಡ್ಡ ಮ್ಯಾಪಿಗೆ ದುಡ್ಡು ಹಾಕಿದ್ದೋನು. ಮ್ಯಾಪು ಬಂದ ವರ್ಷವೇ ಅವನು ಸತ್ತ, ಮುಂದಿನ ವರ್ಷ ಆ ಸಾವಿಗೆ ಮಾಟ ಕಾರಣ ಅಂತಾಯ್ತು.

ಶಾಪ ನಿಜ ಆಯ್ತಲ್ಲ, ಆ ರಾಜವಂಶ ನಿಂತೇ ಹೋಯ್ತಲ್ಲ?

ವಂಶ ನಿಂತಿದ್ದು ನಿಜ, ನಾನು ಇಲ್ಲ ಅನ್ನಲ್ಲ. ಲೆಕ್ಕ ನೋಡಿದ್ರೆ ಮೈ ಜುಮ್ ಅನ್ನೋದೂ ನಿಜ. ಬೊಗಿಸ್ಲಾವ್ XIIIಗೆ ಮಕ್ಕಳು ಮೊಮ್ಮಕ್ಕಳು ಆಗಿ ಮನೆ ತುಂಬಬೇಕಿತ್ತು. ಆದ್ರೆ ಅವನ ಮಕ್ಕಳಲ್ಲಿ 1617ರಲ್ಲಿ ಗೇಯೊರ್ಗ್ ಸತ್ತ, 1618ರಲ್ಲಿ ಫಿಲಿಪ್, 1620ರ ನವೆಂಬರ್‌ನಲ್ಲಿ ಅಂದ್ರೆ ಸಿಡೋನಿಯಾ ತೀರ್ಪಾಗಿ ಮೂರು ತಿಂಗಳೂ ಆಗಿರಲಿಲ್ಲ ಫ್ರಾನ್ಸ್ ಸತ್ತ, ಇವನ ಆಳ್ವಿಕೆಯಲ್ಲೇ ಅವಳಿಗೆ ಶಿಕ್ಷೆ ಆಗಿದ್ದು, 1622ರಲ್ಲಿ ಉಲ್ರಿಖ್ (ಸಿಡೋನಿಯಾಳ ಸಹೋದರ ಅಲ್ಲ, ಡ್ಯೂಕನ ಮಗ). ಅದೇ ರಾಜವಂಶದ ವೋಲ್‌ಗಾಸ್ಟ್ ಶಾಖೆಯ ಕೊನೆಯವನು, ಆ ಅರ್ನ್‌ಸ್ಟ್ ಲುಡ್ವಿಗ್‌ನ ಮಗ, 1625ರಲ್ಲಿ. ಒಬ್ಬನಿಗೂ ಪಟ್ಟಕ್ಕೆ ಬರೋ ಮಗ ಇಲ್ಲ. ಕೊನೆಗೆ ಉಳಿದ ಬೊಗಿಸ್ಲಾವ್ XIV 1637ರಲ್ಲಿ ಸತ್ತಾಗ ದೇಶ ಮೂವತ್ತು ವರ್ಷದ ಯುದ್ಧದಲ್ಲಿ ಸರ್ವನಾಶ ಆಗಿತ್ತು, ಸ್ವೀಡನ್ ಒಂದು ಕಡೆ ಬ್ರಾಂಡೆನ್‌ಬುರ್ಗ್ ಒಂದು ಕಡೆ ಎಳೆದಾಡ್ತಿದ್ರು. ಆ ಎಳೆದಾಟದಲ್ಲಿ ಆ ಡ್ಯೂಕನ ಹೆಣಕ್ಕೆ ಮಣ್ಣಾಗಿದ್ದೇ 1654ರಲ್ಲಿ, ಸತ್ತು 17 ವರ್ಷ ಆದ್ಮೇಲೆ!

ಇಂಥದ್ದು ಕಣ್ಣೆದುರಿಗೆ ನಡೆದ್ರೆ ಜನ ಕಾರಣ ಹುಡುಕೇ ಹುಡುಕ್ತಾರೆ. ಆದ್ರೆ ಫಿಲಿಪ್‌ನೂ ಗೇಯೊರ್ಗ್‌ನೂ ಸತ್ತಿದ್ದು ಅವಳ ಮೇಲೆ ಕೇಸು ಬೀಳೋಕೂ ಮೊದಲು ಅನ್ನೋದನ್ನ ಮರೀಬೇಡಿ. ನನ್ನ ಓದಿನ ಪ್ರಕಾರ ಇದು ತಲೆಕೆಳಗಾಗಿ ನಡೆದಿದ್ದು, ಶಾಪದಿಂದ ಸಾವು ಬರಲಿಲ್ಲ, ಸಾಲು ಸಾಲು ಸಾವು ನೋಡಿ ಶಾಪದ ಕತೆ ಬಂತು. ಶಾಪ ಬೇಕು ಅಂದ್ಮೇಲೆ ಶಾಪ ಹಾಕೋಕೆ ಕಾರಣ ಬೇಕು, ಅದಕ್ಕೆ ಪ್ರೇಮ ಬಂತು, ಪ್ರೇಮಕ್ಕೆ ರೂಪ ಬೇಕು, ಮುದುಕಿ ಸುಂದರಿ ಆದ್ಲು.

ಗೂಗಲ್ ಮಾಡಿದ್ರೆ ಬಲೆ ಬಲೆ ಇರೋ ಬಟ್ಟೆ ಹಾಕಿರೋ ಒಂದು ಪೇಂಟಿಂಗ್ ಬರುತ್ತೆ, ಅದು ಇವಳೇನಾ?

ನಾನೂ ಇವಳನ್ನ ಮೊದಲು ನೋಡಿದ್ದು ಅಲ್ಲೇ, ಪೂರ್ತಿ ಮರುಳಾಗಿದ್ದೆ. ಆದ್ರೆ ಅದು ಇವಳಲ್ಲ. 1860ರಲ್ಲಿ ಇಂಗ್ಲೆಂಡಿನ ಬರ್ನ್-ಜೋನ್ಸ್ ಬರೆದ ಕಲ್ಪನೆ, ಈಗ ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿದೆ. ಆ ಹಾವಿನ ಥರ ಸುತ್ತಿರೋ ಡಿಸೈನಿನ ಬಟ್ಟೆನ ಅವನು ಇಟಲಿಯ ಬೇರೊಬ್ಬ ರಾಣಿಯಮ್ಮನ ಹಳೇ ಚಿತ್ರದಿಂದ ಎತ್ಕೊಂಡಿದ್ದು. ಅವನಿಗೆ ಸ್ಫೂರ್ತಿ ಮೈನ್‌ಹೋಲ್ಡ್ ಅನ್ನೋ ಜರ್ಮನ್ ಪಾದ್ರಿ 1840ರ ದಶಕದ ಕೊನೇಲಿ ಬರೆದ ಕಾದಂಬರಿ, ಅದನ್ನ 1849ರಲ್ಲಿ ಇಂಗ್ಲಿಷಿಗೆ ತಂದಿದ್ದು ಆಸ್ಕರ್ ವೈಲ್ಡ್‌ನ ಅಮ್ಮ. ಪ್ರೇಮ, ಶಾಪ, ಚೆಲುವು ಎಲ್ಲ ಇಷ್ಟು ಹರಡಿದ್ದು ಆ ಕಾದಂಬರಿಯಿಂದ. ಚಿತ್ರದ ಮೇಲೆ 1560 ಅಂತ ಇಸವಿ ಇದೆ, ಆಗ ಅವಳಿಗೆ 12 ವರ್ಷ, ಲೆಕ್ಕ ಹಾಕಿ ನೋಡಿ.

ಶ್ರೀಮಂತ ಹೆಂಗಸರು ಹೀಗೆ ಸಿಕ್ಕಿಬಿದ್ದಿದ್ದು ಇನ್ನೂ ಇದೆಯಾ?

ಕಮ್ಮಿ, ಆದ್ರೆ ಇದೆ. ಸ್ಕಾಟ್‌ಲೆಂಡಿನಲ್ಲಿ ದೊಡ್ಡ ಜಡ್ಜ್ ಮಗಳು ಯೂಫೇಮ್ ಮಕಾಲ್ಜಿಯನ್‌ನ 1591ರಲ್ಲಿ ಎಡಿನ್‌ಬರೋದಲ್ಲಿ ಜೀವಂತ ಸುಟ್ರು, ಅದರ ಹಿಂದಿನ ವರ್ಷ ಅದೇ ದೇಶದ ಲೇಡಿ ಫೌಲಿಸ್ ಖುಲಾಸೆ ಆದ್ಲು. ಡೆನ್ಮಾರ್ಕ್‌ನ ಕ್ರಿಸ್ಟೆಂಜೆ ಕ್ರುಕೊವ್ ಅಂತೂ ಸಿಡೋನಿಯಾ ಸತ್ತ ಮರುವರ್ಷವೇ, 1621ರಲ್ಲಿ, ಅವಳಿಗೂ ಕತ್ತಿನೇ. ಅವಳೂ ಮದುವೆ ಆಗಿರಲಿಲ್ಲ. ಸಾಯೋ ಮುಂಚೆ ಕೋಪನ್‌ಹೇಗನ್ ಯೂನಿವರ್ಸಿಟಿಯ ವಿದ್ಯಾರ್ಥಿಗಳಿಗೆ ಅಂತ ದುಡ್ಡು ಬರೆದಿಟ್ಟು ಹೋದ್ಲು.

ಈಗ ಅಲ್ಲಿಗೆ ಹೋದ್ರೆ ನೋಡೋಕೆ ಏನಿದೆ?

ಶ್ಚೆಚಿನ್‌ನಲ್ಲಿ ಡ್ಯೂಕ್‌ಗಳ ಕೋಟೆ ಇದೆ, ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾಗಿ ಆಮೇಲೆ ಮತ್ತೆ ಕಟ್ಟಿದ್ದು. ಅಲ್ಲಿ ಅವಳ ದೆವ್ವ ಓಡಾಡುತ್ತೆ ಅಂತ ಟೂರಿಸ್ಟರಿಗೆ ಹೇಳ್ತಾರೆ. ಮಾರಿಯಾನೊವೊದಲ್ಲಿ ಹಳೇ ಮಠದ ಚರ್ಚು ನಿಂತಿದೆ, ಚಿಕ್ಕ ಹಳ್ಳಿ, ಶ್ಚೆಚಿನ್‌ನಿಂದ ಪೂರ್ವಕ್ಕೆ ಸ್ಟಾರ್‌ಗಾರ್ಡ್ ದಾಟಿ ಹೋಗಬೇಕು. ಸಮಾಧಿ ಹುಡುಕಬೇಡಿ, ಸುಟ್ಟವರಿಗೆ ಸಮಾಧಿ ಇಲ್ಲ.

ವಿಚಾರಣೆಯ ಕಾಗದಗಳು ಮಾತ್ರ ಉಳಿದಿವೆ, ಜರ್ಮನಿಯ ಗ್ರೈಫ್ಸ್‌ವಾಲ್ಡ್ ದಾಖಲೆ ಭಂಡಾರದಲ್ಲಿ, ಒಟ್ಟು ಸಾವಿರ ಹಾಳೆಗೂ ಮೇಲೆ. ಊರು ಹೋಯ್ತು, ರಾಜ್ಯ ಹೋಯ್ತು, ಡ್ಯೂಕ್‌ಗಳ ವಂಶ ಹೋಯ್ತು, ಈಯಮ್ಮನ ಫೈಲು ಮಾತ್ರ ಕಪಾಟಲ್ಲಿ ಹಾಗೇ ಕೂತಿದೆ.